ತಾರೀಖು ಓದದ ಪಟ್ಟಿ

"ಸರಿಯಾಗಿ ಹಿಡ್ಕೋ, ನೆಲಕ್ಕೆ ತಾಗ್ತಿದೆ," ಎಂದಳು ಇಸ್ತ್ರಿಯಮ್ಮ.

ಹಿತ್ತಲಲ್ಲಿ ತಾಯಿ ಮಗಳು ಎದುರುಬದುರು ನಿಂತು ಪ್ರಾರ್ಥನಾ ಮಂದಿರದ ಬಿಳಿ ಹಾಸುಬಟ್ಟೆ ಮಡಿಸುತ್ತಿದ್ದರು. ಹದಿನಾರು ಮೊಳದ ಬಟ್ಟೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರೂ ಎರಡೆರಡು ಮೂಲೆ ಹಿಡಿದು ಜಗ್ಗಬೇಕು, ಕೊಡವಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಮಾತು ಬಿಟ್ಟವರು ಈ ಕೆಲಸಕ್ಕೆ ಇಳಿಯಬಾರದು. ಪ್ರತಿ ಮಡಿಕೆಗೂ ಮುಖಕ್ಕೆ ಮುಖ ಕೊಡಬೇಕಾಗುತ್ತದೆ.

"ಅರ್ಜಿ ಹಾಕಿ ಬಂದೆ," ಎಂದಳು ಮಗಳು, ಮೊದಲ ಮಡಿಕೆಗೆ ಹತ್ತಿರ ಬಂದಾಗ.

"ಯಾವ ಅರ್ಜಿ?"

"ಚುನಾವಣೆಗೆ. ಯುದ್ಧ ನಿಲ್ಲಿಸಿ ಅಂತ ಕೇಳೋಕೆ ಯಾರಾದ್ರೂ ಒಬ್ರು ನಿಲ್ಲಬೇಕಲ್ಲಮ್ಮ."

ಇಸ್ತ್ರಿಯಮ್ಮ ಹಿಂದೆ ಸರಿದು ಬಟ್ಟೆಯನ್ನು ಎಷ್ಟು ಬಿರುಸಾಗಿ ಜಗ್ಗಿದಳೆಂದರೆ ಮಗಳ ಕೈಯ ಮೂಲೆ ತಪ್ಪಿ ಒದ್ದೆ ನೆಲಕ್ಕೆ ಬಿತ್ತು. ಮತ್ತೆ ಒಗೆಯಬೇಕು. ಇಬ್ಬರೂ ಬಿದ್ದ ಬಟ್ಟೆಯನ್ನೇ ನೋಡಿದರು.

"ನಿಮ್ಮಪ್ಪನಿಗೆ ಹೇಳಿದ್ಯಾ?"

"ಊಟಕ್ಕೆ ಕೂತಾಗ ಹೇಳ್ತೀನಿ."

"ಊಟ ಆದ ಮೇಲೆ ಹೇಳು. ಪಾಪ, ಅವರೂ ಒಂದು ತುತ್ತು ತಿನ್ನಲಿ."

ಮಗಳು ಹದಿನೇಳು ವರ್ಷದಿಂದ ಬಸ್ಸಿನ ಕಂಡಕ್ಟರ್. ಗಂಡ ತೀರಿಕೊಂಡ ಮೇಲೆ ಮಗಳೊಬ್ಬಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ದನಿ ಎಂಥದ್ದೆಂದರೆ ಹಿಂದಿನ ಬಾಗಿಲಲ್ಲಿ ನಿಂತು "ಮುಂದೆ ಹೋಗಿ" ಅಂದರೆ ಬಸ್ಸಿಗೆ ಮುಂಚೆ ಜನ ಮುಂದೆ ಹೋಗುತ್ತಿದ್ದರು. ತಂದೆಗೂ ದನಿಯಿತ್ತು, ಆದರೆ ಅದು ಬೇರೆ ಜಾತಿಯದು. ಕಿಟಕಿ ಗಾಜು ಕೂರಿಸುತ್ತಿದ್ದ ಮನುಷ್ಯ. ಗಾಜು ಸೀಳಿ ಬಲಗೈಯ ನರ ಹೋದ ಮೇಲೆ ಮಂದಿರದ ಗುರುಗಳು ಕರೆದು ಒಂದು ಕೆಲಸ ಕೊಟ್ಟರು. ಸೇನೆಯಿಂದ ಬರುವ ಮಡಿದವರ ಪಟ್ಟಿಯನ್ನು ವಾರಕ್ಕೊಮ್ಮೆ ಪ್ರಾರ್ಥನೆಯಾದ ಮೇಲೆ ಓದುವುದು. ಒಂದೊಂದು ಹೆಸರನ್ನೂ ತಮ್ಮ ಮಗನದೇ ಎಂಬಂತೆ ಓದಿ, ಕೊನೆಗೆ "ದೇವರ ಯುದ್ಧದಲ್ಲಿ ದೇವರಿಗೆ ಸಂದವರು" ಎನ್ನುತ್ತಿದ್ದರು. ಬೀದಿಯವರು ಅವರನ್ನು ಪಟ್ಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದುದು. ಒಂದು ದಿನವೂ ಪಾಠ ಹೇಳದವರಿಗೆ ಮೇಷ್ಟ್ರು ಅನ್ನಿಸಿಕೊಳ್ಳುವುದರಲ್ಲಿ ಎಷ್ಟು ಸುಖವಿತ್ತೆಂಬುದು ಹೆಂಡತಿಗೆ ಗೊತ್ತಿತ್ತು.

ಊಟ ಮುಗಿಯುವವರೆಗೆ ಕಂಡಕ್ಟರ್ ಕಾಯಲಿಲ್ಲ. ಗಂಜಿ ಬಡಿಸುವಾಗಲೇ ಹೇಳಿದಳು.

ಮೇಷ್ಟ್ರು ಬೇಯಿಸಿದ ಆಲೂಗಡ್ಡೆಯನ್ನು ಎಡಗೈಯಲ್ಲಿ ನಿಧಾನವಾಗಿ ಸುಲಿದು ತಟ್ಟೆಯ ಅಂಚಿಗಿಟ್ಟರು. "ಇಷ್ಟು ದಿನ ಟಿಕೆಟ್ ಹರಿದಿದ್ದು ಸಾಲದು ಅಂತ ಈಗ ನಮ್ಮ ಮಾನ ಹರಿಯೋಕೆ ಹೊರಟ್ಯಾ?"

"ಅಪ್ಪಾ, ಸ್ಟೇಷನ್ನಿಗೆ ಹೋಗೋ ಹುಡುಗರೆಲ್ಲ ನನ್ನ ಬಸ್ಸಲ್ಲೇ ಹೋಗೋದು. ಹೋಗೋರಿಗೆ ಟಿಕೆಟ್ ಕೊಟ್ಟೂ ಕೊಟ್ಟೂ ಹನ್ನೊಂದು ವರ್ಷ ಆಯ್ತು. ಬರೋರಿಗೆ ಎಷ್ಟು ಕೊಟ್ಟಿದೀನಿ, ಕೇಳಿ ನನ್ನ."

"ಅದು ದೇವರ ಯುದ್ಧ. ಯಾವಾಗ ಮುಗೀಬೇಕೋ ಅವನು ಮುಗಿಸ್ತಾನೆ."

"ಅವನು ಶುರು ಮಾಡಿದ್ದನ್ನ ಯಾರು ನೋಡಿದಾರೆ? ಮಂತ್ರಿಗಳು ಶುರು ಮಾಡಿದ್ದನ್ನ ಎಲ್ಲರೂ ನೋಡಿದಾರೆ."

"ತಾತಾ, ಸಿಪ್ಪೆ ತಿಂತಿದೀರ, ಆಲೂಗಡ್ಡೆ ಅಂಚಲ್ಲಿದೆ," ಎಂದಳು ಮೊಮ್ಮಗಳು. ಹದಿನೇಳರ ಹುಡುಗಿ, ನಗದೆ ನಗಿಸುವವಳು. ಆ ದಿನ ಯಾರೂ ನಗಲಿಲ್ಲ. ಮೇಷ್ಟ್ರು ಬಾಯಲ್ಲಿದ್ದ ಸಿಪ್ಪೆಯನ್ನು ನುಂಗಿಯೇ ಬಿಟ್ಟರು, ಸೋಲೊಪ್ಪಿಕೊಳ್ಳಬಾರದೆಂದು.

ಮನೆಯ ಐದನೆಯ ತಟ್ಟೆ ಗೂಡಿನಲ್ಲಿ ಬೋರಲಾಗಿತ್ತು. ಅದು ಮಗ ಬೊಗಸೆಯದು. ಹುಟ್ಟಿದಾಗ ಎರಡು ಕೈ ಸೇರಿಸಿದರೆ ಅದರಲ್ಲೇ ಹಿಡಿಯುವಷ್ಟಿದ್ದನೆಂದು ಆ ಹೆಸರು. ಹತ್ತೊಂಬತ್ತಕ್ಕೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟಾಗಿದ್ದ. ಹಾಸುಬಟ್ಟೆ ಮಡಿಸುವಾಗ ಅವನು ಒಂದು ತುದಿ ಹಿಡಿದರೆ ಬಟ್ಟೆ ನೆಲ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅವನು ಯುದ್ಧಭೂಮಿಯಲ್ಲಿದ್ದಾನೆ. ಪತ್ರ ಬಂದು ಏಳು ತಿಂಗಳು. ಕೊನೆಯ ಪತ್ರದಲ್ಲಿ ನಾಲ್ಕು ಸಾಲಿಗೆ ಮಸಿ ಬಳಿದಿದ್ದರು. ಉಳಿದದ್ದು, ದವಡೆಯ ಹಲ್ಲೊಂದು ಬಿತ್ತೆಂಬುದು ಮತ್ತು 'ಇಲ್ಲಿ ಬಟ್ಟೆ ನಾನೇ ಒಗೆಯುತ್ತೇನಮ್ಮ, ಮಡಿಸಲು ಇನ್ನೊಬ್ಬರು ಸಿಗುವುದಿಲ್ಲ' ಎಂಬುದು. ಹಲ್ಲು ಬಿದ್ದ ಮೇಲೆ ಅವನು ನಕ್ಕರೆ ಹೇಗೆ ಕಾಣುತ್ತಾನೋ ಎಂದು ಇಸ್ತ್ರಿಯಮ್ಮ ಕೆಂಡ ಊದುವಾಗೆಲ್ಲ ಯೋಚಿಸುತ್ತಿದ್ದಳು. ತಿಂಗಳಿಗೊಮ್ಮೆ ಅವನ ನಾಲ್ಕು ಅಂಗಿಗಳನ್ನು ತೆಗೆದು, ಮಡಿಕೆಯ ಜಾಗದಲ್ಲಿ ಬಟ್ಟೆ ಸೀಳದಿರಲೆಂದು ಬೇರೆ ಗೆರೆಯಲ್ಲಿ ಮಡಿಸಿಡುತ್ತಿದ್ದಳು.

ಅವನನ್ನು ಕಳಿಸಿದವಳು ಅವಳೇ.

ಒಬ್ಬನೇ ಮಗನಿರುವ ಮನೆಯಿಂದ ಸೇನೆ ಯಾರನ್ನೂ ಕರೆಯುವಂತಿರಲಿಲ್ಲ, ತಾಯಿಯೇ ತನ್ನ ಕೈಯಾರೆ ಒಪ್ಪಿಗೆ ಬರೆದುಕೊಟ್ಟ ಹೊರತು. ಯುದ್ಧ ಶುರುವಾದ ತಿಂಗಳು ಗುರುಗಳು ತುಂಬಿದ ಮಂದಿರದಲ್ಲಿ "ದೇವರಿಗೆ ಮೊದಲು ಕೊಡುವವರು ಯಾರು?" ಎಂದು ಕೇಳಿದರು. ಗಂಡಸರು ನೆಲ ನೋಡಿದರು. ಇಸ್ತ್ರಿಯಮ್ಮ ಎದ್ದು ನಿಂತಳು. ಮಳೆಗಾಲದೊಳಗೆ ಮುಗಿಯುವ ಯುದ್ಧವೆಂದು ಎಲ್ಲರೂ ಹೇಳುತ್ತಿದ್ದರು. ಬೊಗಸೆ ನಾಲ್ಕು ತಿಂಗಳಿಗೆ ಬರುತ್ತಾನೆ, ಮೊದಲು ಎದ್ದ ತಾಯಿಯೆಂಬ ಮಾತು ಬದುಕಿರುವವರೆಗೆ ಉಳಿಯುತ್ತದೆ. ಅಷ್ಟೇ ಅವಳ ಲೆಕ್ಕ. ಒಪ್ಪಿಗೆಯಲ್ಲಿ 'ಯುದ್ಧ ಮುಗಿಯುವವರೆಗೆ' ಎಂದಿತ್ತು. ಅದನ್ನೂ ಅವಳೇ ಬರೆದಳು, ಗುಂಡಗಿನ ಅಕ್ಷರದಲ್ಲಿ.

ಕೊಟ್ಟ ತಾಯಿಗೆ ವಾಪಸ್ ಕೇಳುವ ಹಕ್ಕೂ ಇತ್ತು. ಅವಳೇ ತನ್ನ ಕೈಯಲ್ಲಿ ಪತ್ರ ಬರೆದು ಹಾಕಿದರೆ ಮಗನನ್ನು ಬಿಡಲೇಬೇಕು. ಇದು ಕಾನೂನು. ಆದರೆ ಬೀದಿಯಲ್ಲಿ ಅಂಥ ಪತ್ರ ಹಾಕಿದವಳು ಒಬ್ಬಳೇ, ಮೂರು ಮನೆ ಆಚೆಯ ಹೊಲಿಗೆಯವಳು. ಮೂರು ವರ್ಷದ ಕೆಳಗೆ ಇಸ್ತ್ರಿಯಮ್ಮನೇ ಜೊತೆಗೆ ಅಂಚೆ ಕಚೇರಿಗೆ ಹೋಗಿದ್ದಳು. ಅವತ್ತೇ ಮನೆಗೆ ಬಂದು ತನ್ನದನ್ನೂ ಬರೆದಿಟ್ಟಳು. ಅದೇ ವಾರ ಪಟ್ಟಿಯಲ್ಲಿ ಹೊಲಿಗೆಯವಳ ಮಗನ ಹೆಸರು ಬಂತು. ಮೇಷ್ಟ್ರೇ ಓದಿದರು. ಗುರುಗಳು ಎದ್ದು, ಕೊಟ್ಟದ್ದನ್ನು ಕಿತ್ತುಕೊಳ್ಳಲು ಹೋದರೆ ದೇವರು ತಾನೇ ತೆಗೆದುಕೊಳ್ಳುತ್ತಾನೆ ಎಂದರು. ಅಂದಿನಿಂದ ಹೊಲಿಗೆಯವಳು ಬೀದಿಗೆ ಬಂದದ್ದನ್ನು ಕಂಡವರಿಲ್ಲ. ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು.

ಇಸ್ತ್ರಿಯಮ್ಮ ಪತ್ರವನ್ನು ಇಸ್ತ್ರಿ ಮೇಜಿನ ಕಂಬಳಿಯ ಕೆಳಗೆ ಸೇರಿಸಿದಳು. ಹಾಕಿದರೆ ಅವನು ಸಾಯುತ್ತಾನೆ, ಹಾಕದಿದ್ದರೆ ಬರುವುದಿಲ್ಲ. ಅದರ ಮೇಲೆಯೇ ದಿನವೂ ಊರಿನ ಬಟ್ಟೆಗೆ ಇಸ್ತ್ರಿ ತಿಕ್ಕುತ್ತಿದ್ದಳು.

ಕಂಡಕ್ಟರ್ ರಜೆ ಹಾಕಿ ಪ್ರಚಾರಕ್ಕಿಳಿದಳು. ಜೊತೆಗಿದ್ದವರು ಡಿಪೋದ ನಾಲ್ಕೈದು ಜನ, ಒಬ್ಬ ಮೆಕ್ಯಾನಿಕ್, ಇಬ್ಬರು ದಾದಿಯರು. ಸಂತೆ ಮೂಲೆಯಲ್ಲಿ ತರಕಾರಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹತ್ತಿದಳು.

"ನಾನು ಭಾಷಣದವಳಲ್ಲ, ಬಸ್ಸಿನವಳು," ಎಂದಳು. "ಬಸ್ಸಿಗೊಂದು ಕೊನೇ ಸ್ಟಾಪ್ ಇರುತ್ತೆ. ಎಲ್ಲಿ ನಿಲ್ಲುತ್ತೆ ಅಂತ ಹೇಳದ ಬಸ್ಸಿಗೆ ನಿಮ್ಮ ಮಕ್ಕಳನ್ನ ಹತ್ತಿಸ್ತೀರಾ? ಹನ್ನೊಂದು ವರ್ಷದಿಂದ ಹತ್ತಿಸ್ತಿದೀವಿ. ಡ್ರೈವರನ್ನ ಕೇಳಿದ್ರೆ ದೇವರ ಕಡೆ ಕೈ ತೋರಿಸ್ತಾನೆ. ದೇವರನ್ನ ಈ ಸೀಟಲ್ಲಿ ಕೂರಿಸಿದ್ದು ಯಾರು ಸ್ವಾಮಿ? ಅವನೇನು ಲೈಸೆನ್ಸ್ ಕೇಳಿಕೊಂಡು ಬಂದಿದ್ನಾ?"

ಜನ ನಕ್ಕರು. ನಕ್ಕವರಲ್ಲಿ ಕೆಲವರು ಆಮೇಲೆ ಅಕ್ಕಪಕ್ಕ ನೋಡಿಕೊಂಡರು.

ಮೂರನೆಯ ದಿನ ಮಂದಿರದ ಆಳು ಬಂದು ಒಗೆಯಲು ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ಎತ್ತಿಕೊಂಡು ಹೋದ, ಗಂಜಿ ಹಾಕಿ ನೆನೆಸಿಟ್ಟದ್ದನ್ನೂ ಸೇರಿಸಿ. ನೀರು ಸುರಿಯುವ ಗಂಟು ಹೊತ್ತು ನಡೆದವನ ಹಿಂದೆ ಬೀದಿಯುದ್ದಕ್ಕೂ ಗೆರೆ ಬಿತ್ತು.

"ಹಿಂಡಿಕೊಂಡಾದರೂ ಹೋಗಪ್ಪ," ಎಂದಳು ಇಸ್ತ್ರಿಯಮ್ಮ. ಅವನು ತಿರುಗಿ ನೋಡಲಿಲ್ಲ.

ಉಳಿದದ್ದು ವಸತಿಗೃಹದ ದಿಂಬಿನ ಚೀಲಗಳು ಮಾತ್ರ. ಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದು ನಿಂತಿತು, ಆಮೇಲೆ ಬ್ರೆಡ್ಡೂ ತೆಳ್ಳಗಾಯಿತು. ಮೇಷ್ಟ್ರು ಮಗಳ ಎದುರು ಕೂರುವುದನ್ನು ಬಿಟ್ಟು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಉಣ್ಣತೊಡಗಿದರು.

"ತಾತ ಮೆಟ್ಟಿಲಿಗೆ ಹೋದ್ರು, ಅಮ್ಮ ಚುನಾವಣೆಗೆ ನಿಂತಿದಾಳೆ, ಊಟಕ್ಕೆ ನಾನೊಬ್ಳೇ ಕೂತಿರೋದು," ಎಂದಳು ಮೊಮ್ಮಗಳು.

"ನೀನು ಎದ್ದು ಇಸ್ತ್ರಿ ಮೇಜಿನ ಕಂಬಳಿ ಒಗೆಯೋಕೆ ಹಾಕು. ಕೈ ಖಾಲಿ ಇದ್ದಾಗಲೇ ಆಗಬೇಕು," ಎಂದುಬಿಟ್ಟಳು ಇಸ್ತ್ರಿಯಮ್ಮ. ಹೇಳಿದ ಮೇಲೆ ನೆನಪಾಯಿತು. ಓಡಿ ಹೋಗುವಷ್ಟರಲ್ಲಿ ಹುಡುಗಿ ಪತ್ರ ಓದಿ ಮುಗಿಸಿದ್ದಳು.

"ಅಜ್ಜಿ, ಇದು..."

"ಕೊಡಿಲ್ಲಿ. ಯಾರಿಗೂ ಹೇಳಬೇಡ."

ಹುಡುಗಿ ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಕಂಡಕ್ಟರ್ ತಾಯಿಯ ಎದುರು ಕೂತು, ತಾನೇ ಅವರೆಕಾಳು ಬಿಡಿಸತೊಡಗಿದಳು. ಕೇಳದೆ ಕೆಲಸಕ್ಕೆ ಕೈ ಹಚ್ಚಿದಳೆಂದರೆ ಏನೋ ಕೇಳುವುದಿದೆ ಎಂದೇ ಅರ್ಥ.

"ಅಮ್ಮಾ, ಹಾಕಿಬಿಡು ಅದನ್ನ."

"ಯಾವುದನ್ನ?"

"ನಾಡಿದ್ದು ಬೆಳಿಗ್ಗೆ ಹೋಗೋಣ. ನಾನೂ ಬರ್ತೀನಿ. ಪತ್ರಿಕೆಯವರು ಇಬ್ರು ಬರ್ತಾರೆ, ಒಂದು ಫೋಟೋ ಅಷ್ಟೇ. ಮೊದಲು ಎದ್ದು ನಿಂತ ತಾಯಿನೇ ಮಗನನ್ನ ವಾಪಸ್ ಕೇಳಿದ್ಲು ಅಂದ್ರೆ ನೂರು ಭಾಷಣಕ್ಕೆ ಸಮ."

ಇಸ್ತ್ರಿಯಮ್ಮ ಮಗಳ ಮುಂದಿನ ಕಾಳನ್ನೆಲ್ಲ ತನ್ನ ಮೊರಕ್ಕೆ ಎಳೆದುಕೊಂಡಳು. "ಗುರುಗಳು ಅವನನ್ನ ತೋರಿಸಿ ಹತ್ತು ಮನೆ ಹುಡುಗರನ್ನ ಕಳಿಸಿದ್ರು. ನೀನು ಅವನನ್ನ ತೋರಿಸಿ ಓಟು ಕೇಳು. ನಾನು ಅವನನ್ನ ಯಾವಾಗ ನೋಡ್ಲಿ?"

"ಅವನು ನನ್ನ ತಮ್ಮಾನೂ ಹೌದಮ್ಮ."

"ಹಾಗಾದ್ರೆ ಹೇಳು. ಹೊಲಿಗೆಯವಳ ಮನೇಲಿ ಏನಾಯ್ತು?"

"ಅದು ಕಾಕತಾಳೀಯ."

"ನಿನ್ನ ಬಾಯಲ್ಲಿ ಸುಲಭವಾಗಿ ಬಂತು. ನಾನು ಪತ್ರ ಹಾಕಿ, ಆ ವಾರ ನಿಮ್ಮಪ್ಪ ಮಂದಿರದಲ್ಲಿ ನಿಂತು ಬೊಗಸೆ ಹೆಸರು ಓದಿದ್ರೆ ಆಗಲೂ ಅದೇ ಮಾತು ಹೇಳು."

ಕಂಡಕ್ಟರ್ ಮಡಿಲಿಗೆ ಬಿದ್ದ ಸಿಪ್ಪೆಗಳನ್ನು ಕೊಡವಿದಳು. ಆಮೇಲೆ, "ಫೋಟೋ ಮಾತು ಎತ್ತಬಾರದಿತ್ತು," ಎಂದಳು. ತಾಯಿ ಅರ್ಧ ಕಾಳನ್ನು ಅವಳ ಕಡೆ ಮತ್ತೆ ತಳ್ಳಿದಳು.

ಮತದಾನಕ್ಕೆ ವಾರವಿರುವಾಗ ಎಲ್ಲ ಅಭ್ಯರ್ಥಿಗಳನ್ನೂ ಮಂದಿರದ ಸಭಾಂಗಣಕ್ಕೆ ಕರೆದರು. ಗುರುಗಳು ಅಧ್ಯಕ್ಷತೆ ವಹಿಸಿದ್ದರು. ಮೇಷ್ಟ್ರು ಅವರ ಎಡಕ್ಕೆ ಪಟ್ಟಿಯ ಕಡತ ಹಿಡಿದು ಕೂತಿದ್ದರು. ಇಸ್ತ್ರಿಯಮ್ಮ ಹಿಂದಿನ ಸಾಲಿನಲ್ಲಿ ಮೊಮ್ಮಗಳ ಜೊತೆಗಿದ್ದಳು. ಹಾಸುಬಟ್ಟೆಯನ್ನು ಬೇರೆ ಯಾರೋ ಒಗೆದಿದ್ದರು. ನೀಲಿ ಹೆಚ್ಚಾಗಿತ್ತು.

"ಮಡಿದವರನ್ನು ದೇವರು ಕರೆದುಕೊಂಡಿದ್ದಾನೆ," ಎಂದರು ಗುರುಗಳು, ಕಂಡಕ್ಟರ್ ಕಡೆ ತಿರುಗಿ. "ಅದನ್ನು ಪ್ರಶ್ನಿಸಲು ನೀನು ಯಾರಮ್ಮ?"

"ನಾನು ಪ್ರಶ್ನಿಸಲ್ಲ ಗುರುಗಳೇ. ಒಂದೇ ಒಂದು ಕೇಳ್ತೀನಿ. ಪ್ರತಿ ವಾರ ಇಲ್ಲಿ ಹೆಸರು ಓದ್ತಾರೆ. ಸೇನೆಯಿಂದ ಬರೋ ಪಟ್ಟೀಲಿ ವಯಸ್ಸೂ ಇರುತ್ತೆ, ಸತ್ತ ತಾರೀಖೂ ಇರುತ್ತೆ ಅಂತ ಕೇಳಿದೀನಿ. ಅದನ್ನ ಯಾಕೆ ಓದಲ್ಲ? ದೇವರು ಯಾವತ್ತು ಕರೆದ ಅಂತ ಹೆತ್ತವರಿಗಾದ್ರೂ ಗೊತ್ತಾಗಬೇಡ್ವಾ?" ಅವಳು ತಂದೆಯ ಕಡೆ ತಿರುಗಿದಳು. ದನಿ ತಗ್ಗಿತು. "ಅಪ್ಪಾ, ತಾರೀಖು ಓದಿ ಒಂದ್ಸಲ."

ಸಭೆ ಮೇಷ್ಟ್ರನ್ನು ನೋಡಿತು. ಮೇಷ್ಟ್ರು ಕಡತದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದರು. "ಪದ್ಧತಿ ಇಲ್ಲ," ಎಂದರು. ಆ ಎರಡು ಮಾತಿಗೆ ಅವರ ದನಿ ಬರಲಿಲ್ಲ, ಬರೀ ಉಸಿರು ಬಂತು.

ಅಂದಿನಿಂದ ಅವರು ಊಟಕ್ಕೆ ಮೆಟ್ಟಿಲಿಗೂ ಬರಲಿಲ್ಲ. ಹಸಿವಿಲ್ಲವೆನ್ನುತ್ತಿದ್ದರು. ಹೆಂಡತಿ ತಟ್ಟೆ ಮುಚ್ಚಿಡುತ್ತಿದ್ದಳು, ಸಂಜೆಗೆ ಅದು ಹಾಗೇ ಇರುತ್ತಿತ್ತು.

ಕಂಡಕ್ಟರ್ ಸೋತಳು. ಸಂತೆ ಬೀದಿ, ಡಿಪೋ ಬೀದಿ ಎರಡರಲ್ಲಿ ಅವಳಿಗೇ ಹೆಚ್ಚು ಬಿದ್ದಿತ್ತು, ಉಳಿದ ಕಡೆ ಇಲ್ಲ. ಮಾರನೆಯ ಬೆಳಿಗ್ಗೆ ಖಾಕಿ ಅಂಗಿ ತೊಟ್ಟು ಕೆಲಸಕ್ಕೆ ಹೊರಟಳು. "ಇವತ್ತಿನ ಬಸ್ಸಲ್ಲೂ ಹುಡುಗರು ಇರ್ತಾರಮ್ಮ," ಎಂದಳು ಬಾಗಿಲಲ್ಲಿ. "ಯಾರ ಮುಖ ನೋಡಿ ಟಿಕೆಟ್ ಕೊಡ್ಲಿ?" ಇಸ್ತ್ರಿಯಮ್ಮ ಅವಳ ಕಾಲರು ಸರಿಪಡಿಸಿದಳು.

ಆ ದಿನ ಹನ್ನೊಂದರ ಹೊತ್ತಿಗೆ ಮೇಷ್ಟ್ರು ಒಳಗಿನ ಪೆಟ್ಟಿಗೆಯನ್ನು ಎಡಗೈಯಲ್ಲೇ ಎಳೆಯುತ್ತ ಇಸ್ತ್ರಿ ಮೇಜಿನ ಬಳಿ ತಂದರು. ಹನ್ನೊಂದು ವರ್ಷದ ಪಟ್ಟಿಗಳು. ಓದಿ ಮುಗಿಸಿದ ಮೇಲೆ ಸುಡಬೇಕೆಂದು ಗುರುಗಳು ಹೇಳಿದ್ದರಂತೆ. ಹೆಸರುಗಳನ್ನು ಹೇಗೆ ಸುಡುವುದೆಂದು ಇಟ್ಟುಕೊಂಡಿದ್ದರಂತೆ.

"ಒಂದು ಹೇಳಬೇಕು ಕಣೇ. ಇಸ್ತ್ರಿ ಕೆಳಗಿಡು."

"ಹೇಳಿ. ಕೈ ಪಾಡಿಗೆ ಕೈ, ಕಿವಿ ಪಾಡಿಗೆ ಕಿವಿ."

"ಕೆಳಗಿಡು ಅಂದೆ."

ಇಟ್ಟಳು. ಅವರು ಹಾಳೆಯೊಂದನ್ನು ತೆಗೆದು, ಮಂದಿರದಲ್ಲಿ ಓದುವ ದನಿಯಲ್ಲೇ ಹೊಲಿಗೆಯವಳ ಮಗನ ಹೆಸರು ಓದಿದರು. ವಯಸ್ಸು ಓದಿದರು. ಇಪ್ಪತ್ತೆರಡು. ಆಮೇಲೆ ತಾರೀಖು ಓದಿದರು. ತಿಂಗಳ ನಾಲ್ಕು.

ಇಸ್ತ್ರಿಯಮ್ಮನಿಗೆ ತಕ್ಷಣ ತಿಳಿಯಲಿಲ್ಲ. ಹೊಲಿಗೆಯವಳ ಜೊತೆ ಅಂಚೆ ಕಚೇರಿಗೆ ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ವಸತಿಗೃಹದವರು ಹದಿನೈದು ದಿನಕ್ಕೊಮ್ಮೆ ಪರದೆ ಕೊಡುತ್ತಿದ್ದ ದಿನ, ಹತ್ತೊಂಬತ್ತು. ಪರದೆಗಳನ್ನು ಹರವಿ ಹೋಗಿದ್ದಳು.

"ನಾವು ಹೋಗಿದ್ದು ಅದೇ ತಿಂಗಳ ಹತ್ತೊಂಬತ್ತಕ್ಕೆ," ಎಂದಳು.

"ಹೌದು."

"ಅಂದ್ರೆ ಅವಳು ಪತ್ರ ಹಾಕೋ ಹೊತ್ತಿಗೆ..."

"ಹದಿನೈದು ದಿನ ಆಗಿತ್ತು ಅವನು ಹೋಗಿ. ಪಟ್ಟಿ ತಡವಾಗಿ ಬಂತು."

ಇಸ್ತ್ರಿಯ ಕೆಂಡದ ಮೇಲೆ ಬೂದಿ ಕೂತಿತು.

"ನಿಮಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು. ಗುರುಗಳು ಪ್ರವಚನದಲ್ಲಿ ಹಾಗೆ ಅಂದುಬಿಟ್ಟಿದ್ರು. ಮುಂದಿನ ವಾರ ಅವರಿಗೆ ಹೇಳೋಣ ಅಂದ್ಕೊಂಡೆ. ಅದರ ಮುಂದಿನ ವಾರಕ್ಕೆ, ಹೋದ ವಾರ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಅಂತ ಸುಮ್ಮನಾದೆ. ಆಮೇಲೆ ಅದೇ ಅಭ್ಯಾಸ ಆಯ್ತು." ಅವರು ಹಾಳೆಯನ್ನು ಮಡಿಸಲು ನೋಡಿದರು, ಒಂದೇ ಕೈಯಲ್ಲಿ ಆಗಲಿಲ್ಲ. "ಮೇಷ್ಟ್ರೇ ಅಂತ ಕರೀತಿದ್ರು ಕಣೇ."

"ಕಂಬಳಿ ಕೆಳಗೆ ನನ್ನ ಪತ್ರ ಇರೋದೂ ಗೊತ್ತಿತ್ತಾ?"

ಅವರು ಹೌದೆಂದು ತಲೆಯಾಡಿಸಿದರು.

"ಮೂರು ವರ್ಷ ರೀ," ಎಂದಳು. ದನಿ ಏರಲಿಲ್ಲ. "ಅವನು ಮೂವತ್ತಕ್ಕೆ ಬಿದ್ದ. ಇಪ್ಪತ್ತೇಳಕ್ಕೆ ಬರಬಹುದಿತ್ತು. ಆ ಮೂರು ವರ್ಷ ಯಾರು ಕೊಡ್ತಾರೆ ನನಗೆ, ನಿಮ್ಮ ಗುರುಗಳಾ?"

ಮೇಷ್ಟ್ರು ಪೆಟ್ಟಿಗೆಯ ಅಂಚು ಹಿಡಿದು ನಿಂತರು.

"ನಡೀರಿ. ಅವಳಿಗೆ ನೀವೇ ಹೇಳಬೇಕು. ಹಾಳೆ ತಗೊಳ್ಳಿ."

ಹೊಲಿಗೆಯವಳ ಬಾಗಿಲು ಓರೆಯಾಗಿತ್ತು. ಯಂತ್ರದ ಸದ್ದು ನಿಲ್ಲಿಸದೆ ಅವಳು ತಲೆಯೆತ್ತಿ ನೋಡಿದಳು. ಮೂರು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಷ್ಟ್ರು ಹೊಸ್ತಿಲಾಚೆಯೇ ನಿಂತು ಓದಿದರು. ಹೆಸರು, ವಯಸ್ಸು, ತಾರೀಖು. ಓದಿ, "ತಪ್ಪು ನನ್ನದಮ್ಮ," ಎಂದರು.

ಯಂತ್ರ ನಿಂತಿತು.

"ಇನ್ನೊಂದ್ಸಲ ಓದಿ," ಎಂದಳು ಹೊಲಿಗೆಯವಳು.

ಓದಿದರು.

"ನಾಲ್ಕಾ?"

"ನಾಲ್ಕು."

ಅವಳು ಬೆರಳು ಮಡಿಚಿ ಎಣಿಸಿದಳು, ನಾಲ್ಕರಿಂದ ಹತ್ತೊಂಬತ್ತರವರೆಗೆ, ಒಂದೂ ಬಿಡದೆ. ಎಣಿಸಿ ಮುಗಿದ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತಳು. "ನಾನಲ್ಲ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ನಾನಲ್ಲ ಹಾಗಾದ್ರೆ."

ಇಸ್ತ್ರಿಯಮ್ಮ ಒಳಗೆ ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರೂ ಅಳಲಿಲ್ಲ. ಮೇಷ್ಟ್ರು ಹೊರಗೆ ಬಿಸಿಲಲ್ಲಿ ನಿಂತೇ ಇದ್ದರು, ಯಾರೂ ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ನಿನ್ನದು ಹಾಕಿದ್ಯಾ?" ಎಂದು ಕೊನೆಗೆ ಹೊಲಿಗೆಯವಳು ಕೇಳಿದಳು.

ಹೊರಡುವಾಗ ಕಂಬಳಿಯ ಕೆಳಗಿಂದ ತಂದಿದ್ದ ಲಕೋಟೆಯನ್ನು ಇಸ್ತ್ರಿಯಮ್ಮ ಸೆರಗಿನಿಂದ ತೆಗೆದು ತೋರಿಸಿದಳು. ಕಾವು ಕುಡಿದು ಅದು ಕಂದಾಗಿತ್ತು. ಹೊಲಿಗೆಯವಳು ಪತ್ರ ಹೊರಗೆಳೆದು ಓದಿ, ಒಂದು ಕಡೆ ಬೆರಳಿಟ್ಟಳು. "ಎಂಟು ವರ್ಷವಾಯಿತು ಅಂತಿದೆ ಇಲ್ಲಿ."

ಗುರುತು ಹಾಕುವ ಪೆನ್ಸಿಲಿನಿಂದ ಇಸ್ತ್ರಿಯಮ್ಮ 'ಎಂಟು' ಹೊಡೆದು ಮೇಲೆ 'ಹನ್ನೊಂದು' ಎಂದು ಬರೆದಳು. ಅವನು ಇದ್ದಾನೋ ಇಲ್ಲವೋ, ಅದನ್ನು ಪತ್ರದಲ್ಲಿ ಎಲ್ಲೂ ಕೇಳಿರಲಿಲ್ಲ. 'ನನ್ನ ಮಗನನ್ನು ನನಗೆ ಕಳಿಸಿಕೊಡಿ' ಎಂದಷ್ಟೇ ಇತ್ತು. ಈಗ ಕೇಳಬೇಕೆಂದು ಕೈ ಹೋಯಿತು. ಕೇಳಲಿಲ್ಲ.

ಹೊಲಿಗೆಯವಳು ಎದ್ದು ಮಂಚದ ಕೆಳಗಿಂದ ಚಪ್ಪಲಿ ಎಳೆದು ಧೂಳು ಕೊಡವಿದಳು. ಅಟ್ಟೆ ಒಣಗಿ ಸೆಟೆದುಹೋಗಿತ್ತು, ಕಾಲು ಒಳಗೆ ಹೋಗಲು ಒಪ್ಪಲಿಲ್ಲ.

"ಬರಿಗಾಲಲ್ಲೇ ಬಾ, ದೂರವೇನಲ್ಲ," ಎಂದಳು ಇಸ್ತ್ರಿಯಮ್ಮ. ಹೊಸ್ತಿಲು ದಾಟುವಾಗ ಗಂಡನ ಕಡೆ ನೋಡದೆ ಹೇಳಿದಳು. "ಮನೇಲಿ ತಟ್ಟೆ ಮುಚ್ಚಿಟ್ಟಿದೀನಿ. ಹೋಗಿ ಊಟ ಮಾಡಿ."

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ತುಂಬ ಹಳೇದಾಯ್ತಲ್ಲಮ್ಮ. ಹೊಸಾದು ಕೊಡ್ಲಾ?"

"ಹೀಗೇ ಕಳಿಸಿದ್ರೆ ಹೋಗಲ್ವಾ?"

"ಹೋಗುತ್ತೆ."

"ಹಾಗಾದ್ರೆ ಕಳಿಸಿ."

ಅವನು ಹಿಂದಿನ ಚೀಲಕ್ಕೆ ಅದನ್ನು ಹಾಕಿದ. ಇಬ್ಬರೂ ಕಿಟಕಿ ಬಿಟ್ಟು ಕದಲಲಿಲ್ಲ.

"ಇನ್ನೇನಮ್ಮ?"

"ಚೀಲ ಯಾವಾಗ ಹೊರಡುತ್ತೆ?"

"ನಾಲ್ಕು ಗಂಟೆ ಗಾಡಿಗೆ."

ಇನ್ನೂ ಎರಡೂವರೆ. ಇಬ್ಬರು ಹೆಂಗಸರು ಹೊರಗಿನ ಬೆಂಚಿನಲ್ಲಿ ಒತ್ತಿ ಕೂತರು. ನಾಲ್ಕಕ್ಕೆ ಗಾಡಿ ಬಂತು. ಆಳು ಚೀಲದ ಬಾಯಿ ಕಟ್ಟಿ ಒಳಗೆಸೆದ, ಬಾಗಿಲು ಬಡಿದ. ಇಸ್ತ್ರಿಯಮ್ಮ ಎದ್ದು ನಿಂತು, ಊರಿಗೆ ಹೊರಟ ನೆಂಟರನ್ನು ಕಳಿಸುವವಳಂತೆ ಕೈಯೆತ್ತಿದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಆ ಕೈ ಇಳಿಸಲಿಲ್ಲ.